ಆಗುಂಬೆಯ ಎಡ ತಿರುವು, ಚೆನ್ನೈನ ಟ್ರ್ಯಾಕ್: ಒಬ್ಬ ಸವಾರನ ಪ್ರಕರಣ

ದೂರು

ತೀರ್ಥಹಳ್ಳಿ ತಾಲ್ಲೂಕಿನ ಸವಾರ, ವಯಸ್ಸು 34. ಹತ್ತು ವರ್ಷಕ್ಕೂ ಮಿಕ್ಕಿ ಗಾಡಿ ಓಡಿಸಿದ ಅನುಭವವಿದೆ. ಈಗಿರುವುದು ಯಮಹಾ ಆರ್15 ವಿ4 ಬೈಕ್. ಕೆಲಸದ ಮೇಲೆ ಆಗುಂಬೆ ಘಾಟಿ ಇಳಿದು ಉಡುಪಿ ಕಡೆಗೆ ಪದೇಪದೇ ಹೋಗಬೇಕಾಗುತ್ತದೆ. ಅವರು ಇದುವರೆಗೆ ಬಿದ್ದವರಲ್ಲ, ಹುಚ್ಚು ವೇಗದವರೂ ಅಲ್ಲ. ತೊಂದರೆ ಒಂದೇ: ಘಾಟಿ ಇಳಿಯುವಾಗ ಎಡಕ್ಕೆ ಹೊರಳುವ ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ತನ್ನ ಬದಿ ಬಿಟ್ಟು ನಡುಗೆರೆಯ ಆಚೆ ಸರಿದುಬಿಡುತ್ತದೆ. ಬಲ ತಿರುವುಗಳಲ್ಲಿ ಇದು ಅಷ್ಟಾಗಿ ಇಲ್ಲ. ಏರುವಾಗ ಎರಡೂ ಕಡೆ ಸಲೀಸು.

ಒಂದು ಸಲ ಎದುರಿನಿಂದ ಏರಿ ಬರುತ್ತಿದ್ದ ಬಸ್ಸಿನ ಚಾಲಕರು ಮುಂಚೆಯೇ ನಿಲ್ಲಿಸಿಕೊಂಡದ್ದರಿಂದ ಅನಾಹುತ ತಪ್ಪಿತು. ಅದಾದ ಮೇಲೆ ಅವರು ಎದೆಗೆ ಕ್ಯಾಮೆರಾ ಕಟ್ಟಿಕೊಂಡು ಇಳಿದು, ಆ ವಿಡಿಯೊವನ್ನು ಅನುಭವಿ ತರಬೇತುದಾರರೊಬ್ಬರಿಗೆ ತೋರಿಸಿದರು. ಕ್ಯಾಮೆರಾವನ್ನು ಹೆಲ್ಮೆಟ್‌ಗಿಂತ ಎದೆಗೆ ಕಟ್ಟುವುದೇ ಇಂಥ ಪರೀಕ್ಷೆಗೆ ಸರಿ. ಹ್ಯಾಂಡಲ್, ಎರಡೂ ಮೊಣಕೈ, ಬೆರಳುಗಳು, ರಸ್ತೆಯ ನಡುಗೆರೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ.

ವಿಡಿಯೊದಲ್ಲಿ ಕಂಡದ್ದು ಹೀಗಿತ್ತು. ತಿರುವು ಇನ್ನೂ ದೂರವಿರುವಾಗಲೇ ಎಡಗೈಯ ನಾಲ್ಕೂ ಬೆರಳು ಕ್ಲಚ್ ಮೇಲೆ ಹೋಗಿ ಅದನ್ನು ಪೂರ್ತಿ ಹಿಡಿಯುತ್ತವೆ. ವೇಗ ಇಳಿಸುವ ಕೆಲಸವೆಲ್ಲ ಹಿಂದಿನ ಬ್ರೇಕಿನದು. ಮುಂದಿನ ಬ್ರೇಕಿನ ಮೇಲೆ ಒಂದು ಬೆರಳು ಸುಮ್ಮನೆ ಕೂತಿರುತ್ತದೆ. ತಿರುವಿನ ಬಾಯಿಗೆ ಬರುವ ಮುಂಚೆಯೇ ಗಾಡಿ ಎಡಕ್ಕೆ ವಾಲುತ್ತದೆ, ಒಳಬದಿಯ ಚರಂಡಿ ಹತ್ತಿರ ಬರುತ್ತದೆ, ಗಾಬರಿಯಲ್ಲಿ ಗಾಡಿ ನೆಟ್ಟಗಾಗುತ್ತದೆ, ತಿರುವಿನ ದ್ವಿತೀಯಾರ್ಧದಲ್ಲಿ ಹೊರಗೆ ಹಾರುತ್ತದೆ. ಒಂದೇ ಹೇರ್‌ಪಿನ್‌ನಲ್ಲಿ ಹ್ಯಾಂಡಲ್ ಮೂರು ನಾಲ್ಕು ಸಲ ತಿದ್ದುತ್ತಾರೆ. ಬಲ ಮೊಣಕೈ ಉದ್ದಕ್ಕೂ ಕಟ್ಟಿಗೆಯಂತೆ ಸೆಟೆದಿರುತ್ತದೆ.

ರೇಸ್ ಟ್ರ್ಯಾಕ್‌ಗೆ ಹೋಗಿ ಕಲಿಯಿರಿ ಎಂಬ ಸಲಹೆ ಬಂದಾಗ ಅವರಿಗೆ ಆಶ್ಚರ್ಯವಾಯಿತು. ಘಾಟಿಯಲ್ಲಿ 20 ಕಿ.ಮೀ. ವೇಗದಲ್ಲಿ ತಿರುಗುವವರಿಗೆ ಟ್ರ್ಯಾಕ್ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಟ್ರ್ಯಾಕ್‌ನಲ್ಲಿ ಅದೇ ತಿರುವು ಸುತ್ತು ಸುತ್ತಿಗೂ ಮತ್ತೆ ಬರುತ್ತದೆ, ಎದುರಿನಿಂದ ಯಾರೂ ಬರುವುದಿಲ್ಲ, ತಪ್ಪಿದರೆ ಹೋಗಲು ಖಾಲಿ ಜಾಗವಿದೆ. ಒಂದು ತಪ್ಪನ್ನು ಮಾತ್ರ ಹಿಡಿದು ತಿದ್ದಿಕೊಳ್ಳಲು ಇಂಥ ಅವಕಾಶ ಘಾಟಿಯಲ್ಲಿ ಎಂದೂ ಸಿಗದು. ಅಲ್ಲಿ ಪ್ರತಿ ತಿರುವಿಗೂ ಹೊಸ ಬಸ್ಸು, ಹೊಸ ಜಲ್ಲಿ, ಹೊಸ ದನ.

ಇಳಿಜಾರಿನ ಎಡ ತಿರುವು ಏಕೆ ಕಷ್ಟ

ನಮ್ಮಲ್ಲಿ ರಸ್ತೆಯ ಎಡಬದಿ ನಮ್ಮದು. ಆದ್ದರಿಂದ ಎಡ ಹೇರ್‌ಪಿನ್‌ನಲ್ಲಿ ಒಳಗಿನ, ಬಿಗಿಯಾದ ಪಥ ನಮ್ಮ ಪಾಲಿಗೆ ಬರುತ್ತದೆ. ಒಳಪಥದ ತ್ರಿಜ್ಯ 8 ಮೀಟರ್, ಹೊರಪಥದ್ದು 12 ಮೀಟರ್ ಎಂದಿಟ್ಟುಕೊಳ್ಳಿ. ಅರ್ಧ ವೃತ್ತ ಸುತ್ತಲು ಒಳಗೆ ಸುಮಾರು 25 ಮೀಟರ್, ಹೊರಗೆ ಸುಮಾರು 38 ಮೀಟರ್. ಇಳಿಯಬೇಕಾದ ಎತ್ತರ ಎರಡೂ ಕಡೆ ಒಂದೇ. ಅದು ಎರಡೂವರೆ ಮೀಟರ್ ಇದ್ದರೆ ಒಳಪಥದ ಇಳಿಜಾರು ಶೇ. 10, ಹೊರಪಥದ್ದು ಶೇ. 6.6. ಅಂದರೆ ಘಾಟಿ ಇಳಿಯುವವನಿಗೆ ಎಡ ತಿರುವು ಹೆಚ್ಚು ಬಿಗಿ, ಜೊತೆಗೆ ಹೆಚ್ಚು ಕಡಿದು. ಇಷ್ಟು ವರ್ಷ ಓಡಿಸಿದವರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ‘ನನಗೆ ಎಡ ಬರುವುದಿಲ್ಲ’ ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ.

ವೇಗದ ಲೆಕ್ಕ ಇನ್ನೂ ಕಟ್ಟುನಿಟ್ಟು. 8 ಮೀಟರ್ ತ್ರಿಜ್ಯದಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಗಾಡಿ ಸುಮಾರು 21 ಡಿಗ್ರಿ ವಾಲಬೇಕು. 25ಕ್ಕೆ ಸುಮಾರು 32 ಡಿಗ್ರಿ. 30ಕ್ಕೆ 41 ದಾಟುತ್ತದೆ. ಸ್ಪೀಡೊಮೀಟರ್‌ನಲ್ಲಿ ಐದರ ವ್ಯತ್ಯಾಸ ಕಣ್ಣಿಗೂ ಬೀಳದು, ಟಯರಿಗೆ ಮಾತ್ರ ಅದು ಹತ್ತು ಡಿಗ್ರಿ. ಹಾಗಾಗಿ ತಿರುವಿನ ಒಳಗೆ ಹೋದ ಮೇಲೆ ವಾಲಿಸುವ ಧೈರ್ಯ ಬೆಳೆಸಿಕೊಳ್ಳುವುದಕ್ಕಿಂತ ತಿರುವಿನ ಮುಂಚೆ ಐದು ಕಿ.ಮೀ. ಕಳೆಯುವ ಕೈಚಳಕವೇ ಇಲ್ಲಿ ಮುಖ್ಯ.

ಆ ಐದನ್ನು ಕಳೆಯುವ ಬ್ರೇಕ್ ಯಾವುದು? ಶೇ. 8ರ ಇಳಿಜಾರಿನಲ್ಲಿ 45ರಿಂದ 20ಕ್ಕೆ ಇಳಿಯಬೇಕು ಎಂದುಕೊಳ್ಳೋಣ. ಬರೀ ಹಿಂದಿನ ಬ್ರೇಕಾದರೆ, ಸಮತಟ್ಟು ನೆಲದಲ್ಲಿ 21 ಮೀಟರ್ ಸಾಕಾಗುವ ಕಡೆ ಇಲ್ಲಿ 29 ಮೀಟರ್ ಬೇಕು. ಎರಡೂ ಬ್ರೇಕನ್ನು ಹದವಾಗಿ ಹಿಡಿದರೆ, ರಸ್ತೆ ಒಣಗಿದ್ದರೆ, 12 ಮೀಟರ್ ಆಸುಪಾಸಿನಲ್ಲಿ ಮುಗಿಯುತ್ತದೆ. ಇಳಿಜಾರಿನಲ್ಲಿ ಭಾರ ಮೊದಲೇ ಮುಂದಕ್ಕೆ ಬಂದಿರುತ್ತದೆ. ಹಿಂಚಕ್ರ ಹಗುರಾಗಿ ಬೇಗ ಲಾಕ್ ಆಗಲು ಹವಣಿಸುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಟಕಟ ಎಂದು ಬ್ರೇಕ್ ಬಿಡಿಸುತ್ತದೆ, ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ.

ಹಿಂದಿನ ಬ್ರೇಕಿನ ಮೇಲೆ ಇಷ್ಟೊಂದು ನಂಬಿಕೆ ಮಲೆನಾಡಿನಲ್ಲಿ ಬೆಳೆದದ್ದಕ್ಕೆ ಕಾರಣವಿದೆ. ತೋಟದ ಮಣ್ಣು ರಸ್ತೆ, ಮಳೆಗಾಲದ ಕೆಸರು, ಜಂಬಿಟ್ಟಿಗೆಯ ಜಾರು. ಇಲ್ಲಿ ಮುಂಚಕ್ರ ಜಾರಿದವನು ಬಿದ್ದ, ಹಿಂಚಕ್ರ ಜಾರಿದವನು ಕಾಲು ಕೊಟ್ಟು ಉಳಿದ. ಕೆಸರಿಗೆ ಆ ಪಾಠ ಸರಿಯೇ. ಅದನ್ನೇ ಡಾಂಬರಿನ ಮೇಲೆ ಇಳಿಜಾರಿಗೆ ತಂದಾಗ ಲೆಕ್ಕ ತಪ್ಪುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ, ಇಲ್ಲವೇ ಕ್ಲಚ್ ಹಿಡಿದು ತೇಲಿಸುವ ರೂಢಿಯೂ ಹಾಗೆಯೇ. ಎಂಜಿನ್ ಕೊಡುವ ತಡೆ ಪೂರ್ತಿ ಹೋಗುತ್ತದೆ, ಗಾಡಿ ಇಳಿಜಾರಿನಲ್ಲಿ ತಾನಾಗಿ ವೇಗ ಪಡೆಯುತ್ತದೆ. ಇಂಧನ ಇಂಜೆಕ್ಷನ್ ಇರುವ ಗಾಡಿಯಲ್ಲಿ ಗೇರ್‌ನಲ್ಲೇ ಆಕ್ಸಿಲೇಟರ್ ಮುಚ್ಚಿ ಇಳಿದಾಗ ಇಂಧನ ಪೂರೈಕೆ ಬಹುಮಟ್ಟಿಗೆ ನಿಂತಿರುತ್ತದೆ. ಹಾಗಾಗಿ ಉಳಿತಾಯದ ಮಾತೂ ನಿಲ್ಲುವುದಿಲ್ಲ.

ಮೊದಲು ಗಾಡಿ

ಸವಾರನನ್ನು ತಿದ್ದುವ ಮುಂಚೆ ಗಾಡಿ ನೋಡಬೇಕು. ಇಲ್ಲದಿದ್ದರೆ ಗಾಡಿಯ ತಪ್ಪಿಗೆ ಮನುಷ್ಯ ಕಸರತ್ತು ಮಾಡಿದಂತಾಗುತ್ತದೆ. ಈ ಗಾಡಿಯಲ್ಲಿ ಮೂರು ಸಂಗತಿ ಸಿಕ್ಕವು.

ಮುಂದಿನ ಟಯರಿನ ಗಾಳಿ 36 ಪಿಎಸ್‌ಐ ಇತ್ತು. ಪೆಟ್ರೋಲ್ ಬಂಕಿನಲ್ಲಿ ಕಾರಿಗೆ ಹೊಡೆದ ಅಂದಾಜಿನಲ್ಲೇ ಬೈಕಿಗೂ ಹೊಡೆದಿದ್ದರು. ಗಾಳಿ ಹೆಚ್ಚಾದರೆ ನೆಲ ಮುಟ್ಟುವ ಭಾಗ ಕಿರಿದಾಗುತ್ತದೆ, ಸಣ್ಣ ಗುಂಡಿಗೂ ಮುಂಚಕ್ರ ಕುಪ್ಪಳಿಸುತ್ತದೆ, ಸವಾರನಿಗೆ ಮುಂದಿನ ಬ್ರೇಕ್ ಮೇಲೆ ಭಯ ಹುಟ್ಟುವುದೇ ಹೀಗೆ. ರಸ್ತೆಗೆ ಮುಂದೆ 29, ಹಿಂದೆ 33 ಎಂದು ಸರಿಪಡಿಸಲಾಯಿತು. ಗಾಳಿಯನ್ನು ಟಯರ್ ತಣ್ಣಗಿರುವಾಗ, ಸ್ವಂತ ಗೇಜ್‌ನಲ್ಲಿ ನೋಡಬೇಕು.

ಎರಡನೆಯದು, ಹಿಂದಿನ ಟಯರ್. ಶಿವಮೊಗ್ಗ, ಭದ್ರಾವತಿ ಕಡೆ ನೇರ ರಸ್ತೆಯಲ್ಲಿ ಓಡಿ ಓಡಿ ನಡುಭಾಗ ಸವೆದು ಚಪ್ಪಟೆಯಾಗಿತ್ತು. ಇಂಥ ಟಯರ್ ವಾಲುವಾಗ ಮೊದಲು ತಡೆಯುತ್ತದೆ, ಅಂಚು ದಾಟಿದ ಕೂಡಲೇ ತಟ್ಟನೆ ಬೀಳುತ್ತದೆ. ಹ್ಯಾಂಡಲ್ ತಿದ್ದುವ ಚಾಳಿಗೆ ಇದೂ ಒಂದು ಕಾರಣ. 140/70 ಅಳತೆಯ ಹೊಸ ಟಯರ್ ಹಾಕಲಾಯಿತು. ಅಳತೆ ಹೆಚ್ಚಿಸುವ ಆಸೆ ಅನೇಕರಿಗೆ ಇರುತ್ತದೆ. ಅದೇ ರಿಮ್ಮಿಗೆ ಅಗಲದ ಟಯರ್ ಹಾಕಿದರೆ ಅದರ ಆಕಾರ ಹಿಸುಕಿಕೊಂಡು ಗಾಡಿಯ ಹೊರಳುವಿಕೆ ಕೆಡುತ್ತದೆ.

ಮೂರನೆಯದು ಬ್ರೇಕ್ ಆಯಿಲ್. ಕಪ್ಪಾಗಿತ್ತು. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಅದು ಗಾಳಿಯ ತೇವ ಹೀರಿಕೊಳ್ಳುತ್ತ ಹೋದಂತೆ ಕುದಿಬಿಂದು 155ರವರೆಗೆ ಇಳಿಯಬಹುದು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ತೇವಕ್ಕೆ ಬರವಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಸಾಮಾನ್ಯ ಸಲಹೆ. ಘಾಟಿ ಇಳಿಯುವವರು, ಟ್ರ್ಯಾಕ್‌ಗೆ ಹೋಗುವವರು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಇದರ ಜೊತೆಗೆ ಮುಂದಿನ ಬ್ರೇಕ್ ಲಿವರನ್ನು ಸ್ವಲ್ಪ ಕೆಳಕ್ಕೆ ಹೊರಳಿಸಲಾಯಿತು. ಕೂತಾಗ ಮುಂಗೈ ಮತ್ತು ಬೆರಳು ಒಂದೇ ನೇರದಲ್ಲಿ ಬರಬೇಕು. ಮಣಿಕಟ್ಟು ಮೇಲಕ್ಕೆ ಮಡಚಿಕೊಂಡರೆ ಬ್ರೇಕ್ ಹಿಡಿಯುವಾಗ ಆಕ್ಸಿಲೇಟರ್ ಕೂಡ ಅರಿವಿಲ್ಲದೆ ತಿರುಗುತ್ತದೆ. ಹ್ಯಾಂಡಲ್ ಬೇರಿಂಗ್, ಚೈನ್, ಬ್ರೇಕ್ ಪ್ಯಾಡ್ ಸರಿಯಾಗಿದ್ದವು.

ಟ್ರ್ಯಾಕ್‌ನಲ್ಲಿ ಆದದ್ದು

ದಕ್ಷಿಣದಲ್ಲಿ ಮಲೆನಾಡಿನವರಿಗೆ ಸಿಗುವ ಹಳೆಯ ಟ್ರ್ಯಾಕ್‌ಗಳು ಎರಡು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯಂನ ಕಾರಿ ಮೋಟರ್ ಸ್ಪೀಡ್‌ವೇ, ಸುಮಾರು 2.1 ಕಿ.ಮೀ. ಚೆನ್ನೈ ಹೊರಗೆ ಇರುಂಗಾಟ್ಟುಕೋಟೈನ ಮದ್ರಾಸ್ ಟ್ರ್ಯಾಕ್, 3.7 ಕಿ.ಮೀ. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್‌ನಂಥ ತರಬೇತಿಗಳು ನಡೆದಿರುವುದೂ ಮದ್ರಾಸ್ ಟ್ರ್ಯಾಕ್‌ನಲ್ಲೇ. ಈ ಸವಾರ ಅಲ್ಲಿಗೆ, ಹೊಸಬರ ಗುಂಪಿಗೆ ಹೆಸರು ಕೊಟ್ಟರು. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಗೆಲ್ಲುವವರಿಲ್ಲ, ಸವಾರರನ್ನು ಅನುಭವದ ಮೇಲೆ ಗುಂಪು ಮಾಡಿ 15ರಿಂದ 20 ನಿಮಿಷದ ಸರದಿಯಲ್ಲಿ ಬಿಡುತ್ತಾರೆ. ಹೊಸಬರ ಗುಂಪಿನಲ್ಲಿ ತಿರುವಿನೊಳಗೆ ಯಾರನ್ನೂ ಹಿಂದಿಕ್ಕುವಂತಿಲ್ಲ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಹಿಂದಿಕ್ಕುವುದು ನಿಷಿದ್ಧ. ಕೆಂಪು ಕಂಡರೆ ಸರದಿ ನಿಂತಿತು, ನಿಧಾನವಾಗಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ಗಾಡಿ ನಿಲ್ಲಿಸುವ ಜಾಗಕ್ಕೆ, ಬರಬೇಕು.

ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 600 ಕಿ.ಮೀ. ಗಾಡಿ ಓಡಿಸಿಕೊಂಡೇ ಹೋಗಿ, ಮಾರನೆಯ ದಿನ ಟ್ರ್ಯಾಕ್ ಮೇಲೆ ಇಳಿದು, ಅದೇ ಸಂಜೆ ವಾಪಸ್ ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಣಿದ ಕೈ ಏನನ್ನೂ ಕಲಿಯುವುದಿಲ್ಲ, ಸವೆದ ಟಯರಿನಲ್ಲಿ ರಾತ್ರಿ ಹೆದ್ದಾರಿ ಇನ್ನೂ ಕೆಟ್ಟದ್ದು. ಈ ಪ್ರಕರಣದಲ್ಲಿ ಗಾಡಿ ಬೆಂಗಳೂರಿನಿಂದ ಹೊರಟ ಗುಂಪಿನ ಪಿಕಪ್ ವಾಹನದಲ್ಲಿ ಹೋಯಿತು. ಇನ್ನೊಂದು ಮಾತು: ಸಾಮಾನ್ಯ ವಾಹನ ವಿಮೆ ರೇಸ್, ವೇಗ ಪರೀಕ್ಷೆಯಂಥ ಬಳಕೆಯನ್ನು ಹೊರಗಿಡುತ್ತದೆ. ಟ್ರ್ಯಾಕ್‌ನಲ್ಲಿ ಬಿದ್ದರೆ ರಿಪೇರಿ ಖರ್ಚು ತಮ್ಮದೇ ಎಂದು ತಿಳಿದು ಹೋಗಬೇಕು.

ಸಿದ್ಧತೆ ದೊಡ್ಡದೇನಲ್ಲ. ಕನ್ನಡಿ ಬಿಚ್ಚುವುದು, ದೀಪಗಳಿಗೆ ಟೇಪ್ ಸುತ್ತುವುದು, ನಂಬರ್ ಪ್ಲೇಟ್ ತೆಗೆಯುವುದು. ಲೆದರ್ ಸೂಟ್ ಬಾಡಿಗೆಗೆ ಸಿಗುತ್ತದೆ. ಬೂಟು, ಗ್ಲೌಸ್, ಪೂರ್ಣ ಮುಖದ ಹೆಲ್ಮೆಟ್ ತಮ್ಮ ಅಳತೆಯದೇ ಇರಬೇಕು. ಟಯರಿನ ಗಾಳಿಯನ್ನು ಮುಂದೆ 27, ಹಿಂದೆ 30ಕ್ಕೆ ಇಳಿಸಿ ಶುರು ಮಾಡಲಾಯಿತು. ಸರದಿ ಮುಗಿಸಿ ಬಂದ ಕೂಡಲೇ ಅಳೆದಾಗ ಮೂರು ನಾಲ್ಕು ಏರಿದ್ದರೆ ಸರಿ. ಅದಕ್ಕಿಂತ ಹೆಚ್ಚು ಏರಿದ್ದರೆ ತಣ್ಣಗಿದ್ದಾಗಿನ ಗಾಳಿ ಕಮ್ಮಿಯಾಗಿ ಟಯರ್ ಮಿದ್ದಿಕೊಂಡು ಬಿಸಿಯಾಗಿದೆ ಎಂದರ್ಥ. ಇನ್ನಷ್ಟು ಇಳಿಸಬಾರದು, ಸ್ವಲ್ಪ ಏರಿಸಬೇಕು. ಹೊಸಬರು ಇಲ್ಲೇ ಎಡವುತ್ತಾರೆ.

ಮೊದಲ ಸರದಿ ತರಬೇತುದಾರರ ಹಿಂದೆ ಹೋಗಿ ದಾರಿ ನೋಡಿಕೊಳ್ಳುವುದಕ್ಕೆ. ಎರಡನೆಯದರಲ್ಲಿ ಅಭ್ಯಾಸ ಶುರುವಾಯಿತು: ನಾಲ್ಕನೇ ಗೇರಿಗೆ ಹಾಕಿದರೆ ಮತ್ತೆ ಗೇರ್ ಮುಟ್ಟುವಂತಿಲ್ಲ, ತುರ್ತು ಬಿಟ್ಟರೆ ಬ್ರೇಕ್ ಹಿಡಿಯುವಂತಿಲ್ಲ, ಕ್ಲಚ್ ಮೇಲೆ ಬೆರಳು ಇಡುವಂತಿಲ್ಲ. ವೇಗ ಇಳಿಸಲು ಇರುವುದು ಆಕ್ಸಿಲೇಟರ್ ಒಂದೇ. ನೋಡಲು ಸಪ್ಪೆ ಎನಿಸುವ ಈ ಅಭ್ಯಾಸ ಸವಾರನ ಗುಟ್ಟನ್ನೆಲ್ಲ ಹೊರಹಾಕುತ್ತದೆ. ಬ್ರೇಕ್ ಇಲ್ಲ ಎಂದಾಗ ತಿರುವಿಗೆ ಎಷ್ಟು ವೇಗ ಸಾಕು ಎಂದು ಮುಂಚೆಯೇ ಯೋಚಿಸಬೇಕಾಗುತ್ತದೆ, ಯೋಚಿಸಲು ದೂರ ನೋಡಬೇಕಾಗುತ್ತದೆ. ಈ ಸವಾರನ ಎಡಗೈ ಮೊದಲ ಸುತ್ತುಗಳಲ್ಲಿ ಪ್ರತಿ ತಿರುವಿಗೂ ಕ್ಲಚ್ ಕಡೆಗೆ ತಾನಾಗಿ ಹೋಗುತ್ತಿತ್ತು. ಕೊನೆಗೆ ತರಬೇತುದಾರರು ಎಡಗೈಯ ನಾಲ್ಕು ಬೆರಳನ್ನೂ ಹಿಡಿಕೆಗೆ ಸುತ್ತಿ ಹೆಬ್ಬೆರಳನ್ನು ಅದರ ಮೇಲೆ ಇಡಲು ಹೇಳಿದರು. ಚಾಳಿ ಅಲ್ಲಿಂದ ಸಡಿಲವಾಯಿತು.

ಇದೇ ಸರದಿಯಲ್ಲಿ ಇನ್ನೊಂದು ಮುಖ್ಯ ಸಂಗತಿ ಕಲಿಸುತ್ತಾರೆ. ಗಾಡಿ ವಾಲಿ ದಾರಿ ಹಿಡಿದ ಕೂಡಲೇ ಆಕ್ಸಿಲೇಟರನ್ನು ಕೂದಲೆಳೆಯಷ್ಟು ತೆರೆದು, ಅಲ್ಲಿಂದ ಒಂದೇ ಸಮನೆ ನಿಧಾನವಾಗಿ ತೆರೆಯುತ್ತ ಹೋಗಬೇಕು. ಪೂರ್ತಿ ಮುಚ್ಚಿದರೆ ಭಾರ ಮುಂದಕ್ಕೆ ಬಿದ್ದು ಮುಂಚಕ್ರಕ್ಕೆ ಹೊರೆ, ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಕುಗ್ಗಿ ಗಾಡಿಯ ಸಮತೋಲ ಬದಲಾಗುತ್ತದೆ. ತೆರೆದು ಮುಚ್ಚಿ ಮಾಡಿದರೆ ಗಾಡಿ ಪ್ರತಿ ಸಲವೂ ಬೇರೆ ದಾರಿ ಹಿಡಿಯುತ್ತದೆ. ಅವರು ಹ್ಯಾಂಡಲ್ ಮೂರು ನಾಲ್ಕು ಸಲ ತಿದ್ದುತ್ತಿದ್ದದ್ದರ ಅರ್ಧ ಕಾರಣ ಇಲ್ಲಿತ್ತು.

ಮೂರನೇ ಸರದಿ ತಿರುಗುವ ಜಾಗದ್ದು. ಬ್ರೇಕ್ ಶುರು, ಹೊರಳುವ ಜಾಗ, ಒಳಬದಿಗೆ ಅತಿ ಹತ್ತಿರ ಬರುವ ಜಾಗ, ಹೊರಬೀಳುವ ಜಾಗ ಎಂದು ತಿರುವಿಗೆ ನಾಲ್ಕು ಕೋನ್ ಇಟ್ಟಿದ್ದರು. ಸವಾರ ಪ್ರತಿ ಸಲವೂ ಹೊರಳುವ ಕೋನ್‌ಗಿಂತ ನಾಲ್ಕೈದು ಮೀಟರ್ ಮುಂಚೆಯೇ ವಾಲಿಸುತ್ತಿದ್ದರು. ಭಯ ಇದ್ದವರು ಬೇಗ ಹೊರಳುತ್ತಾರೆ. ಬೇಗ ಹೊರಳಿದವರು ಒಳಬದಿಯನ್ನು ಬೇಗ ಮುಟ್ಟಿ ಕೊನೆಯಲ್ಲಿ ಹೊರಗೆ ಹೋಗಲೇಬೇಕು. ರೇಖಾಗಣಿತವೇ ಹಾಗಿದೆ. ಆಗುಂಬೆಯಲ್ಲಿ ನಡುಗೆರೆ ದಾಟುವುದರ ಮೂಲ ಸಿಕ್ಕಿದ್ದು ಇಲ್ಲಿ. ಮದ್ದು ಕಣ್ಣಿನದು: ಹೊರಳುವ ಕೋನ್ ಹತ್ತಿರ ಬರುತ್ತಿದ್ದಂತೆ ಅದನ್ನು ಓರೆಗಣ್ಣಿನಲ್ಲಿ ಇಟ್ಟುಕೊಂಡು, ಮುಖವನ್ನು ಒಳಬದಿಯ ಕೋನ್ ಕಡೆಗೆ ತಿರುಗಿಸಬೇಕು. ಗಾಡಿ ಇನ್ನೂ ನೇರವಾಗಿಯೇ ಹೋಗುತ್ತಿರಬೇಕು. ಹೊರಳುವ ಜಾಗಕ್ಕೆ ಬಂದ ಮೇಲೆ ಎಡ ತಿರುವಾದರೆ ಎಡ ಹಿಡಿಕೆಯನ್ನು ಮುಂದಕ್ಕೆ ಒಂದೇ ಸಲ, ದೃಢವಾಗಿ ಒತ್ತಬೇಕು. ಮುಖ ಮೊದಲು, ಗಾಡಿ ಆಮೇಲೆ. ಎರಡೂ ಒಟ್ಟಿಗೆ ಮಾಡುವವರು ನೋಡಿದ ಕೂಡಲೇ ಹೊರಳಿಬಿಡುತ್ತಾರೆ.

ಎಡವೇ ಏಕೆ ಕಷ್ಟ ಎಂಬುದಕ್ಕೂ ಇಲ್ಲಿ ಉತ್ತರ ಸಿಕ್ಕಿತು. ಎಡಕ್ಕೆ ಹೊರಳುವಾಗ ಎಡಗೈ ಒತ್ತುತ್ತದೆ, ಬಲಗೈ ಬಿಟ್ಟುಕೊಡಬೇಕು. ಬಲಗೈಯಲ್ಲಿ ಆಕ್ಸಿಲೇಟರ್ ಇದೆ, ಬ್ರೇಕ್ ಇದೆ. ಅವರು ಅದನ್ನು ಬಿಗಿಯಾಗಿ ಹಿಡಿದು ಎಡಗೈಯ ಕೆಲಸಕ್ಕೆ ತಾವೇ ಅಡ್ಡ ನಿಂತಿದ್ದರು. “ಮೊಣಕೈ ಸಡಿಲ ಬಿಡಿ ಸರ್, ಟ್ಯಾಂಕನ್ನು ಮಂಡಿಯಲ್ಲಿ ಹಿಡೀರಿ,” ಎಂದು ತರಬೇತುದಾರರು ಪಿಟ್‌ನಲ್ಲಿ ಗಾಡಿ ನಿಲ್ಲಿಸಿ, ಮೊಣಕೈ ಕೆಳಗೆ ಕೈ ಕೊಟ್ಟು ಅಲುಗಾಡಿಸಿ ತೋರಿಸಿದರು. ಹೊರಗಿನ ಮಂಡಿಯನ್ನು ಟ್ಯಾಂಕಿಗೆ ಒತ್ತಿದರೆ ಮೈಭಾರ ಕೈ ಮೇಲೆ ಬೀಳುವುದಿಲ್ಲ. ನೇರ ರಸ್ತೆಯಲ್ಲಿ ಹೋಗುವಾಗ ಮೊಣಕೈಯನ್ನು ರೆಕ್ಕೆ ಬಡಿದಂತೆ ಎರಡು ಸಲ ಆಡಿಸಿ ನೋಡುವುದೇ ಪರೀಕ್ಷೆ. ಆಡದಿದ್ದರೆ ಕೈ ಸೆಟೆದಿದೆ.

ಟ್ರ್ಯಾಕ್ ಪ್ರದಕ್ಷಿಣವಾಗಿ ಸುತ್ತುವುದರಿಂದ ಬಲ ತಿರುವುಗಳು ಹೆಚ್ಚು. ಎಡ ಕಲಿಯಲು ಹೋದವರಿಗೆ ಇದೊಂದು ಕೊರತೆ. ಟಯರಿನ ಎಡ ಅಂಚು ಅಷ್ಟು ಬಿಸಿಯಾಗಿರುವುದಿಲ್ಲವಾದ್ದರಿಂದ ಸಾಲಾಗಿ ಬಲ ತಿರುವುಗಳ ನಂತರ ಬರುವ ಎಡ ತಿರುವಿನಲ್ಲಿ ಮೊದಲ ಸುತ್ತುಗಳಲ್ಲಿ ಅವಸರ ಮಾಡಬಾರದು. ತರಬೇತುದಾರರು ಬಲ ತಿರುವುಗಳಲ್ಲಿ ಸುಮ್ಮನೆ ಸಾಗಿ ಗಮನವನ್ನೆಲ್ಲ ಎಡ ತಿರುವುಗಳಿಗೆ ಉಳಿಸಿಕೊಳ್ಳಲು ಹೇಳಿದ್ದು ಜಾಣತನ.

ಊಟದ ನಂತರದ ಸರದಿ ಕೆಟ್ಟಿತು. ಚೆನ್ನೈ ಬಿಸಿಲು, ಮೈಮೇಲೆ ಲೆದರ್, ಹೊಟ್ಟೆ ತುಂಬ ಊಟ. ಕೋನ್‌ಗಳು ಕಣ್ಣಿಗೆ ಬೀಳುವುದೇ ತಡವಾಯಿತು. ಒಂದು ತಿರುವಿನಲ್ಲಿ ನೇರ ಹೋಗಿ ಹೊರಗಿನ ಮಣ್ಣಿಗೆ ಇಳಿದರು. ಬ್ರೇಕ್ ಹಿಡಿಯದೆ ಗಾಡಿ ನೆಟ್ಟಗಿಟ್ಟುಕೊಂಡು ನಿಧಾನವಾಗಿಸಿದ್ದರಿಂದ ಬೀಳಲಿಲ್ಲ. ಕೆಸರಿನ ಅನುಭವ ಇಲ್ಲಿ ನೆರವಿಗೆ ಬಂತು. ಆ ಸರದಿಯನ್ನು ಅಲ್ಲಿಗೇ ನಿಲ್ಲಿಸಿ ನೆರಳಿನಲ್ಲಿ ಕೂರಿಸಿ ಓಆರ್‌ಎಸ್ ಕುಡಿಸಲಾಯಿತು. ಮಧ್ಯಾಹ್ನ ಮೊಸರನ್ನ, ಬಾಳೆಹಣ್ಣಿನಷ್ಟು ಸಾಕು. ನೀರನ್ನು ಬಾಯಾರಿದಾಗ ಕುಡಿಯುವುದಲ್ಲ, ಪ್ರತಿ ಸರದಿಯ ಮುಂಚೆಯೂ ನಂತರವೂ ಕುಡಿಯಬೇಕು.

ಐದನೆಯದು ಬ್ರೇಕ್. ಮೊದಲು ನೇರ ರಸ್ತೆಯಲ್ಲಿ: ಎರಡು ಬೆರಳು, ಮೊದಲು ಪ್ಯಾಡ್ ಡಿಸ್ಕಿಗೆ ತಾಕುವಷ್ಟು ಒತ್ತಿ ಫೋರ್ಕ್ ಕುಗ್ಗಲು ಒಂದು ಕ್ಷಣ ಬಿಟ್ಟು, ನಂತರ ಒತ್ತಡ ಏರಿಸುವುದು. ಮುಂಚಕ್ರದ ಮೇಲೆ ಭಾರ ಬಂದ ಮೇಲೆ ಅದು ಸುಲಭಕ್ಕೆ ಜಾರುವುದಿಲ್ಲ. ಭಾರ ಬರುವ ಮುಂಚೆ ಗಬಕ್ಕನೆ ಹಿಡಿದರೆ ಮಾತ್ರ ಜಾರುತ್ತದೆ. ಬಿಡುವುದು ಇನ್ನೂ ಮುಖ್ಯ. ತಟ್ಟನೆ ಬಿಟ್ಟರೆ ಫೋರ್ಕ್ ಚಿಮ್ಮಿ ಹೊರಳುವ ಹೊತ್ತಿಗೆ ಗಾಡಿ ಕುಲುಕುತ್ತದೆ. ಹೊರಳುತ್ತ ಹೊರಳುತ್ತ ಬೆರಳಿನ ಒತ್ತಡ ಇಳಿಸುತ್ತ ಬರಬೇಕು, ಎಷ್ಟು ವಾಲಿತೋ ಅಷ್ಟು ಬ್ರೇಕ್ ಕಮ್ಮಿ. ಇದನ್ನು ಅವರು ಪೂರ್ತಿ ಕರಗತ ಮಾಡಿಕೊಳ್ಳಲಿಲ್ಲ, ಆದರೆ ಮುಂದಿನ ಬ್ರೇಕ್ ಮೇಲಿನ ಭಯ ಅಂದೇ ಹೋಯಿತು. ಕೊನೆಯ ಸರದಿಯನ್ನು ತಾವಾಗಿಯೇ ಬಿಟ್ಟರು. ಸುಸ್ತಾದ ಮೈಯಲ್ಲಿ ‘ಇನ್ನೊಂದೇ ಸುತ್ತು’ ಎನ್ನುವುದು ಬೀಳುವ ದಾರಿ. ಈ ತೀರ್ಮಾನಕ್ಕೆ ನಮ್ಮ ಪೂರ್ಣ ಮೆಚ್ಚುಗೆ ಇದೆ.

ಘಾಟಿಗೆ ಮರಳಿದಾಗ

ಟ್ರ್ಯಾಕ್‌ನಿಂದ ಬಂದ ಮೇಲಿನ ಮೊದಲ ಇಳಿತದ ವಿಡಿಯೊ ಮಿಶ್ರ ಫಲ ತೋರಿಸಿತು. ಕ್ಲಚ್ ಚಾಳಿ ಹೋಗಿತ್ತು. ಎರಡನೇ ಗೇರ್, ಎರಡೂ ಬ್ರೇಕ್, ಸಡಿಲ ಮೊಣಕೈ. ಹ್ಯಾಂಡಲ್ ತಿದ್ದುವುದು ಬಹುತೇಕ ಒಂದಕ್ಕೆ ಇಳಿದಿತ್ತು. ಆದರೂ ನಡುಗೆರೆ ಎರಡು ಕಡೆ ದಾಟಿದರು, ಈ ಸಲ ಬೇರೆ ಕಾರಣಕ್ಕೆ. ಟ್ರ್ಯಾಕ್‌ನಲ್ಲಿ ಕಲಿತ ಹೊರಗೆ, ಒಳಗೆ, ಹೊರಗೆ ಎಂಬ ದಾರಿಯನ್ನು ಹಾಗೆಯೇ ಘಾಟಿಗೆ ತಂದಿದ್ದರು. ಟ್ರ್ಯಾಕ್‌ನ ಅಂಚಿನವರೆಗೂ ರಸ್ತೆ ಸವಾರನದು. ಘಾಟಿಯಲ್ಲಿ ಅರ್ಧ ಮಾತ್ರ.

ಎಡ ಹೇರ್‌ಪಿನ್ ಇಳಿಯುವವನಿಗೆ ಎದುರು ಏರುವ ಬಸ್ಸು ತನ್ನ ಬಲಕ್ಕೆ ಹೊರಳುತ್ತಿರುತ್ತದೆ. ಉದ್ದದ ವಾಹನದ ಹಿಂಚಕ್ರಗಳು ಮುಂಚಕ್ರದ ಜಾಡು ಹಿಡಿಯುವುದಿಲ್ಲ, ಒಳಬದಿಗೆ ಕತ್ತರಿಸುತ್ತವೆ. ಅಂದರೆ ನಡುಗೆರೆ ದಾಟಿ ನಮ್ಮ ಕಡೆಗೆ ಬರುತ್ತವೆ. ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕಾಗುವುದು ಚಾಲಕನ ದಬ್ಬಾಳಿಕೆಯಿಂದಲ್ಲ. ಹಾಗಾಗಿ ಪ್ರವೇಶದಲ್ಲಿ ನಡುಗೆರೆಯಿಂದ ಕನಿಷ್ಠ ಒಂದು ಮೀಟರ್ ಎಡಕ್ಕೆ ಇರುವುದು, ತಿರುವಿನ ಕೆಳಗಿನ ರಸ್ತೆ ಮರಗಳ ಸಂದಿಯಲ್ಲಿ ಕಾಣುವ ಕಡೆ ಮುಂಚೆಯೇ ನೋಡಿಕೊಳ್ಳುವುದು, ಹಾರ್ನ್ ಮಾಡುವುದು, ಬಸ್ಸು ಕಂಡರೆ ತಿರುವಿಗೆ ಮುಂಚೆ, ಮೇಲ್ಗಡೆಯೇ ನಿಂತು ದಾರಿ ಕೊಡುವುದು. ತಡವಾಗಿ ಹೊರಳುವುದನ್ನು ಟ್ರ್ಯಾಕ್‌ನಿಂದ ತರಬೇಕು. ಅಗಲವಾಗಿ ಹೊರಬೀಳುವುದನ್ನು ಅಲ್ಲೇ ಬಿಟ್ಟು ಬರಬೇಕು. ವೇಗಕ್ಕೆ ಮಿತಿ ಒಂದೇ: ಕಣ್ಣಿಗೆ ಕಾಣುವ ರಸ್ತೆಯ ಅರ್ಧದೊಳಗೆ ನಿಲ್ಲಲು ಸಾಧ್ಯವಾಗಬೇಕು.

ಇದನ್ನು ಕೈಗೆ ಕೂರಿಸಲು ಶಿವಮೊಗ್ಗದ ಹೊರಗೆ, ಇನ್ನೂ ಮನೆ ಏಳದ ಒಂದು ಲೇಔಟ್‌ನಲ್ಲಿ ಮಾಲೀಕರ ಅನುಮತಿ ಪಡೆದು ಅಭ್ಯಾಸ ಹಾಕಿಕೊಳ್ಳಲಾಯಿತು. ಎಂಟು ಮೀಟರ್ ಹಗ್ಗದ ಒಂದು ತುದಿಯನ್ನು ಮಧ್ಯದಲ್ಲಿ ಹಿಡಿದು ಇನ್ನೊಂದು ತುದಿಯಲ್ಲಿ ಸುಣ್ಣದ ಪುಡಿಯಿಂದ ಅರ್ಧ ವೃತ್ತ ಎಳೆಯುವುದು. ಅದು ಗಾಡಿ ಹೋಗಬೇಕಾದ ದಾರಿ. ಅದರ ಎರಡೂ ಬದಿಗೆ ಒಂದೂವರೆ ಮೀಟರ್ ಬಿಟ್ಟು ಅರ್ಧ ಕತ್ತರಿಸಿದ ಟೆನಿಸ್ ಚೆಂಡುಗಳನ್ನು ಬೋರಲು ಇಡುವುದು, ಒಟ್ಟು ಹದಿನಾಲ್ಕು ಸಾಕು. ಚಕ್ರದ ಕೆಳಗೆ ಸಿಕ್ಕರೂ ಅವು ಚಪ್ಪಟೆಯಾಗುತ್ತವೆ, ಕಲ್ಲಿನಂತೆ ಬೀಳಿಸುವುದಿಲ್ಲ. ಸುಣ್ಣದ ಗೆರೆಯ ಮೇಲೆಯೇ ಟಯರ್ ಇಡಬಾರದು, ಪುಡಿ ಜಾರುತ್ತದೆ. ಒಂದು ಗೇಣು ಪಕ್ಕದಲ್ಲಿ ಹೋಗಬೇಕು. 15 ಕಿ.ಮೀ. ವೇಗದಲ್ಲಿ ಶುರು, ಚೆಂಡು ತಾಕದೆ ಹತ್ತು ಸಲ ಬಂದರೆ 18, ಆಮೇಲೆ 20. ಅದಕ್ಕಿಂತ ಮೇಲೆ ಹೋಗುವ ಅಗತ್ಯವಿಲ್ಲ. ಎಡಕ್ಕೆ ಎರಡು ಪಾಲು, ಬಲಕ್ಕೆ ಒಂದು ಪಾಲು. ಅರ್ಧ ಗಂಟೆಗಿಂತ ಹೆಚ್ಚು ಮಾಡಿದರೆ ಕತ್ತು ಬಿಗಿದು ಹಳೆಯ ಚಾಳಿ ಮರಳುತ್ತದೆ.

ಕೆಲವು ವಾರಗಳ ನಂತರದ ವಿಡಿಯೊದಲ್ಲಿ ಎಲ್ಲ ಎಡ ತಿರುವುಗಳಲ್ಲೂ ಗಾಡಿ ತನ್ನ ಬದಿಯಲ್ಲೇ ಇತ್ತು. ತಿರುವಿನ ವೇಗ ಮೊದಲಿಗಿಂತ ಕಮ್ಮಿ. ಘಾಟಿ ಇಳಿಯಲು ಹಿಡಿದ ಸಮಯ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ, ಏಕೆಂದರೆ ಮೊದಲು ಪ್ರತಿ ತಿರುವಿನ ನಂತರವೂ ಗಾಬರಿಯಿಂದ ಸುಧಾರಿಸಿಕೊಳ್ಳಲು ಹೋಗುತ್ತಿದ್ದ ಹೊತ್ತು ಈಗ ಉಳಿಯಿತು.

ಉಳಿದಿರುವುದು

ಮಳೆಗಾಲ ಬೇರೆಯೇ ಪರೀಕ್ಷೆ. 8 ಮೀಟರ್ ತಿರುವಿನಲ್ಲಿ 20ರ ವೇಗಕ್ಕೆ ಟಯರಿಗೆ ಬೇಕಾಗುವ ಅಡ್ಡ ಹಿಡಿತ ಭಾರದ ಶೇ. 39ರಷ್ಟು, 25ಕ್ಕೆ ಶೇ. 61ರಷ್ಟು. ಒಣ ಡಾಂಬರು ಎರಡನ್ನೂ ಕೊಡುತ್ತದೆ. ಮರದ ನೆರಳಿನಲ್ಲಿ ಹಸಿರು ಪಾಚಿ ಕಟ್ಟಿದ ಒಳ ಅಂಚು ಮೊದಲನೆಯದನ್ನೂ ಕೊಡದಿರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರಿಗೆ ಕೊಟ್ಟ ಸೂಚನೆ: ಹೇರ್‌ಪಿನ್‌ನಲ್ಲಿ 15 ದಾಟಬಾರದು, ಒಳ ಅಂಚಿನ ಪಾಚಿಯಿಂದ ಅರ್ಧ ಮೀಟರ್ ದೂರ, ವಾಹನಗಳ ಚಕ್ರ ಓಡಿ ಸ್ವಚ್ಛವಾದ ಜಾಡಿನಲ್ಲಿ ಮಾತ್ರ ಗಾಡಿ; ಬ್ರೇಕ್ ಪೂರ್ತಿ ನೇರ ಇದ್ದಾಗಲೇ ಮುಗಿಯಬೇಕು. ಹೊರಳುತ್ತ ಬ್ರೇಕ್ ಇಳಿಸುವ ಅಭ್ಯಾಸ ಮಳೆಗೆ ಇನ್ನೂ ಬೇಡ. ಮಂಜು ಕವಿದು ಮುಂದಿನ ತಿರುವು ಕಾಣದಿದ್ದರೆ ಆಗುಂಬೆಯಲ್ಲೇ ನಿಂತು ಕಾಯುವುದು.

ಅರ್ಧ ಕಲಿತದ್ದನ್ನು ಮುಗಿಸಲು ಮತ್ತೊಮ್ಮೆ ಟ್ರ್ಯಾಕ್‌ಗೆ ಹೋಗುವ ಯೋಜನೆ ಇದೆ. ಈ ಸಲ ಚೆಟ್ಟಿಪಾಳಯಂ. ಚಿಕ್ಕ ಟ್ರ್ಯಾಕ್ ಆದ್ದರಿಂದ ನೇರ ಓಟ ಕಮ್ಮಿ, ಅಷ್ಟೇ ಹೊತ್ತಿನಲ್ಲಿ ತಿರುವು ಹೆಚ್ಚು ಸಿಗುತ್ತವೆ. ವಿಷಯ ಒಂದೇ, ಬ್ರೇಕ್ ಬಿಡುವ ಬೆರಳು. ಮಳೆ ನಿಂತ ಮೇಲೆ, ನವೆಂಬರ್ ನಂತರ, ಹೊಸ ಮುಂದಿನ ಟಯರ್ ಹಾಕಿಸಿ ಇನ್ನೂರು ಕಿ.ಮೀ. ಸಾಧಾರಣ ರಸ್ತೆಯಲ್ಲಿ ಓಡಿಸಿ ಅದರ ಮೇಲಿನ ನುಣುಪು ಹೋದ ಮೇಲೆ ಹೊರಡುವುದೆಂದು ತೀರ್ಮಾನವಾಗಿದೆ.